ನೇರಳೆ, ಪುನರ್ಪುಳಿ, ಸ್ಟ್ರಾಬೆರಿ: ಹಣ್ಣಿನ ಬಣ್ಣ ಕೆಡದಂತೆ ತಿನ್ನುವ ಬಗೆ

ಜೂನ್ ಬಂತೆಂದರೆ ಮಾಟುಂಗಾ, ದಾದರ್, ಡೊಂಬಿವಿಲಿ ಸ್ಟೇಷನ್‌ಗಳ ಹೊರಗೆ ಬುಟ್ಟಿಗಟ್ಟಲೆ ನೇರಳೆ ಹಣ್ಣು ಬಂದು ಕೂರುತ್ತದೆ. ಅದೇ ಹೊತ್ತಿಗೆ ಮಾಲ್‌ನ ತಣ್ಣನೆಯ ಕಪಾಟಿನಲ್ಲಿ ಹೊರದೇಶದ ಬ್ಲೂಬೆರಿಯ ಪುಟ್ಟ ಡಬ್ಬಿಯೂ ಇರುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಜನ ಆ ಡಬ್ಬಿಗೆ ದುಡ್ಡು ಸುರಿಯುವುದು ಅದರ ಸಿಪ್ಪೆಯಲ್ಲಿರುವ ನೀಲಿ ಬಣ್ಣಕ್ಕಾಗಿ. ಆದರೆ ಬುಟ್ಟಿಯ ನೇರಳೆಯಲ್ಲಿ ಇರುವುದೂ ಅದೇ ಕುಟುಂಬದ ಬಣ್ಣ, ಅದೂ ಸಿಪ್ಪೆಯಲ್ಲಷ್ಟೇ ಅಲ್ಲ, ತಿರುಳಿನಲ್ಲೂ. ಮುಂಬೈ, ಪುಣೆ, ಗೋವಾದಲ್ಲಿರುವ ನಮಗೆ ವರ್ಷದ ಏಳೆಂಟು ತಿಂಗಳು ಇಂಥ ಒಂದಲ್ಲ ಒಂದು ಹಣ್ಣು ಹತ್ತಿರದಲ್ಲೇ ಸಿಗುತ್ತದೆ. ಅದಕ್ಕೇ ಯಾವ ಹಣ್ಣು ಕೊಂಡೆವು ಎನ್ನುವುದಕ್ಕಿಂತ, ಕೊಂಡ ಹಣ್ಣಿನ ಬಣ್ಣ ಬಾಯಿ ಸೇರುವವರೆಗೆ ಉಳಿಯಿತೇ ಎನ್ನುವುದು ಮುಖ್ಯ. ಈ ಬರಹದಲ್ಲಿ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಬಣ್ಣ ಯಾವುದು, ಎಲ್ಲಿದೆ

ಕೆಂಪು, ನೇರಳೆ, ಕಡುನೀಲಿ ಹಣ್ಣುಗಳ ಬಣ್ಣಕ್ಕೆ ಆಂಥೋಸಯಾನಿನ್ ಎಂದು ಹೆಸರು. ನೀರಿನಲ್ಲಿ ಕರಗುವ ವರ್ಣದ್ರವ್ಯ ಇದು. ಇದರಲ್ಲಿ ಹಲವು ಬಗೆ: ಸ್ಟ್ರಾಬೆರಿಯ ಕೆಂಪು ಮುಖ್ಯವಾಗಿ ಪೆಲಾರ್ಗೊನಿಡಿನ್‌ನಿಂದ, ಹಿಪ್ಪುನೇರಳೆ ಮತ್ತು ಪುನರ್ಪುಳಿಯದು (ಇಲ್ಲಿನವರ ಕೋಕಂ) ಸಯಾನಿಡಿನ್‌ನಿಂದ, ನೇರಳೆ ಹಣ್ಣಿನದು ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಮೂರರಿಂದ.

ಬಣ್ಣ ಹಣ್ಣಿನ ಯಾವ ಭಾಗದಲ್ಲಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಕಪ್ಪು ದ್ರಾಕ್ಷಿ, ಬ್ಲೂಬೆರಿಯಲ್ಲಿ ಸಿಪ್ಪೆಯಲ್ಲಿ ಮಾತ್ರ. ಸಿಪ್ಪೆ ಉಗುಳಿದರೆ ಉಳಿಯುವುದು ಸಕ್ಕರೆ ನೀರು. ಪುನರ್ಪುಳಿಯಲ್ಲಿ ಹೊರಗಿನ ದಪ್ಪ ಸಿಪ್ಪೆಯಲ್ಲಿ, ಒಳಗಿನ ಬಿಳಿ ತಿರುಳಲ್ಲಿ ಅಲ್ಲ. ಹಿಪ್ಪುನೇರಳೆಯಲ್ಲಿ ಇಡೀ ಹಣ್ಣಿನಲ್ಲಿ. ಪುಣೆ ಹತ್ತಿರದ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದನ್ನೇ ಗಮನದಲ್ಲಿಟ್ಟು ‘ಮಾಂಜರಿ ಮೇಡಿಕಾ’ ಎಂಬ ರಸದ ತಳಿ ಬೆಳೆಸಿತು; ಅದರ ತಿರುಳಿಗೂ ಬಣ್ಣವಿದೆ, ಹಿಂಡಿದ ರಸ ಕಡುಗೆಂಪಾಗಿ ಬರುತ್ತದೆ.

ಎಲ್ಲ ಕೆಂಪೂ ಆಂಥೋಸಯಾನಿನ್ ಅಲ್ಲ. ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು ಮತ್ತು ಬೀಟ್‌ರೂಟಿನ ಬಣ್ಣ ಬೀಟಾಲೇನ್. ಪುಣೆ ಮಾರುಕಟ್ಟೆಯಲ್ಲಿ ಒಣ ಎಲೆಯ ಗೂಡಿನೊಳಗೆ ಸಿಗುವ ಕಿತ್ತಳೆ ಬಣ್ಣದ ರಸಭರಿಯದು ಕೆರೊಟಿನಾಯ್ಡ್. ಅದು ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ನಾಲ್ಕು ಗೋಡಂಬಿಯ ಜೊತೆ ತಿಂದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಇವೂ ಒಳ್ಳೆಯ ಹಣ್ಣುಗಳೇ, ಆದರೆ ಕೆಳಗಿನ ವಿಧಾನಗಳು ಅವಕ್ಕೆ ಅನ್ವಯಿಸುವುದಿಲ್ಲ.

ಮೈಗೆ ಏನು ಪ್ರಯೋಜನ

ಅಂಗಡಿಯ ಪೊಟ್ಟಣಗಳ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಆ ಮಾತು ಬಹುಪಾಲು ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅಳೆದದ್ದು. ಆಹಾರಗಳಿಗೆ ಹಾಗೆ ಅಂಕ ಕೊಡುತ್ತಿದ್ದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದೇ ಹಾಕಿತು, ಏಕೆಂದರೆ ನಳಿಕೆಯಲ್ಲಿ ಕಂಡ ಅಂಕಕ್ಕೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧ ತೋರಿಸಲಾಗಲಿಲ್ಲ. ತಿಂದ ಬಣ್ಣದಲ್ಲಿ ತೀರಾ ಸ್ವಲ್ಪ ಭಾಗ ಮಾತ್ರ ಇದ್ದ ಹಾಗೆಯೇ ರಕ್ತಕ್ಕೆ ಸೇರುತ್ತದೆ. ಹೆಚ್ಚಿನದನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೆ ಸಣ್ಣ ಸಂಯುಕ್ತಗಳಾಗಿ ಮಾಡುತ್ತವೆ. ಕೆಲಸ ಮಾಡುವುದರಲ್ಲಿ ಅವುಗಳ ಪಾಲು ದೊಡ್ಡದು.

ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಹೃದಯ ಮತ್ತು ರಕ್ತನಾಳಗಳ ವಿಷಯ. ಅಮೆರಿಕದಲ್ಲಿ 93,600 ಮಹಿಳೆಯರನ್ನು 18 ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಥೋಸಯಾನಿನ್ ಹೆಚ್ಚು ತಿನ್ನುವವರಲ್ಲಿ ಹೃದಯಾಘಾತದ ಸಾಧ್ಯತೆ ಕಡಿಮೆ ತಿನ್ನುವವರಿಗಿಂತ 32% ಕಡಿಮೆ ಇತ್ತು. ಇದು ಗಮನಿಸಿದ ಲೆಕ್ಕ. ಹಣ್ಣೇ ಕಾರಣ ಎಂದು ಇದೊಂದರಿಂದ ಹೇಳಲಾಗದು. 2019ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ಸಕ್ಕರೆಯ ಏರುಪೇರು ಒಟ್ಟಿಗೆ ಇದ್ದವರಿಗೆ ದಿನಕ್ಕೆ 150 ಗ್ರಾಂ ಬ್ಲೂಬೆರಿಗೆ ಸಮನಾದ ಪುಡಿಯನ್ನು ಆರು ತಿಂಗಳು ಕೊಟ್ಟಾಗ ರಕ್ತನಾಳಗಳು ಹಿಗ್ಗುವ ಗುಣ ಸುಧಾರಿಸಿತು. ಅರ್ಧ ಪ್ರಮಾಣ, ಅಂದರೆ 75 ಗ್ರಾಂ, ಕೊಟ್ಟವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಇನ್ಸುಲಿನ್ ವಿಷಯದಲ್ಲಂತೂ 150 ಗ್ರಾಂ ತಿಂದವರಲ್ಲೂ ಬದಲಾವಣೆ ಆಗಲಿಲ್ಲ. ‘ಬೆರ್ರಿ ತಿಂದರೆ ಶುಗರ್ ಇಳಿಯುತ್ತದೆ’ ಎನ್ನುವವರಿಗೆ ಈ ಕೊನೆಯ ಸಾಲನ್ನು ತೋರಿಸಬೇಕು.

ಪ್ರಮಾಣದ ಅಂದಾಜು ಬೇಕೆಂದರೆ, ಚೀನಾದ ಪೋಷಣಾ ಸಂಘ ದಿನಕ್ಕೆ 50 ಮಿಲಿಗ್ರಾಂ ಆಂಥೋಸಯಾನಿನ್ ಎಂಬ ಗುರಿ ಇಟ್ಟಿದೆ. ಸ್ಟ್ರಾಬೆರಿಯಲ್ಲಿ 100 ಗ್ರಾಂಗೆ ಸುಮಾರು 20ರಿಂದ 40 ಮಿಲಿಗ್ರಾಂ ಇರುತ್ತದೆ, ಬ್ಲೂಬೆರಿಯಲ್ಲಿ 100 ಮಿಲಿಗ್ರಾಂ ಮೀರಿ. ಕಪ್ಪಾಗಿ ಮಾಗಿದ ನೇರಳೆ, ಹಿಪ್ಪುನೇರಳೆಗಳು ಈ ಸಾಲಿನಲ್ಲಿ ಬ್ಲೂಬೆರಿಯ ಬದಿಗೆ ಕೂರುವಂಥವು, ಸ್ಟ್ರಾಬೆರಿಯ ಬದಿಗಲ್ಲ. ದಿನಕ್ಕೊಂದು ಬಟ್ಟಲು, 100ರಿಂದ 150 ಗ್ರಾಂ, ಸೀಸನ್ ಇರುವಷ್ಟು ದಿನ ತಪ್ಪದೆ ತಿನ್ನುವುದು ಸರಿಯಾದ ಲೆಕ್ಕ. ಒಂದೇ ದಿನ ಒಂದು ಕಿಲೋ ತಿಂದು ವಾರವೆಲ್ಲ ಬಿಟ್ಟರೆ ಫಲವಿಲ್ಲ; ಈ ಬಣ್ಣ ದೇಹದಲ್ಲಿ ಕೂಡಿಟ್ಟುಕೊಳ್ಳುವಂಥದ್ದಲ್ಲ.

ಯಾವ ತಿಂಗಳು ಯಾವ ಹಣ್ಣು, ಹೇಗೆ ಆರಿಸುವುದು

ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಹಾಬಳೇಶ್ವರ, ಪಂಚಗಣಿ, ವಾಯಿ ಕಡೆಯ ಸ್ಟ್ರಾಬೆರಿ. ಕಿತ್ತ ಮೇಲೆ ಸ್ಟ್ರಾಬೆರಿ ಹಣ್ಣಾಗುವುದಿಲ್ಲ. ತೊಟ್ಟಿನ ಕೆಳಗೆ ಬಿಳಿ ಪಟ್ಟಿ ಇರುವ ಹಣ್ಣು ಮನೆಯಲ್ಲಿಟ್ಟರೆ ಮೇಲ್ಮೈ ಸ್ವಲ್ಪ ಕೆಂಪಾದೀತು, ಸಿಹಿ ಬರುವುದಿಲ್ಲ. ಆದ್ದರಿಂದ ತೊಟ್ಟಿನವರೆಗೂ ಕೆಂಪಾದದ್ದೇ ಬೇಕು. ಡಬ್ಬಿಯನ್ನು ತಲೆಕೆಳಗು ಮಾಡಿ ತಳ ನೋಡಿ. ಮೇಲಿನ ಸಾಲು ಯಾವಾಗಲೂ ಚೆಂದವೇ. ತಳದಲ್ಲಿ ರಸದ ಕಲೆ ಇದ್ದರೆ ಒಳಗೆ ಹಣ್ಣು ಜಜ್ಜಿದೆ, ಮರುದಿನಕ್ಕೆ ಬೂದಿ ಬಣ್ಣದ ಬೂಸ್ಟು ಗ್ಯಾರಂಟಿ.

ಜನವರಿಯಿಂದ ಏಪ್ರಿಲ್‌ವರೆಗೆ ಜುನ್ನರ್–ನಾರಾಯಣಗಾಂವ್ ಕಡೆಯ ಕಪ್ಪು ದ್ರಾಕ್ಷಿ. ಗೊಂಚಲಿನ ಒಳಭಾಗದ ಹಣ್ಣುಗಳೂ ಕಪ್ಪಾಗಿರಬೇಕು. ತೊಟ್ಟಿನ ಬಳಿ ಹಸಿರು ಉಳಿದಿದ್ದರೆ ಬಣ್ಣ ಇನ್ನೂ ಪೂರ್ತಿ ಕೂತಿಲ್ಲ. ಬೇಸಿಗೆ ಶುರುವಾಗುವಾಗ ಹಿಪ್ಪುನೇರಳೆ, ಅದರ ಹಿಂದೆಯೇ ಫಾಲ್ಸಾ ಎಂಬ ಪುಟ್ಟ ಹುಳಿ–ಸಿಹಿ ಹಣ್ಣು. ಹಿಪ್ಪುನೇರಳೆ ಕೊಂಡ ದಿನವೇ ಖರ್ಚಾಗಬೇಕು, ಇಲ್ಲವಾದರೆ ಆ ರಾತ್ರಿಯೇ ಫ್ರೀಜರ್‌ಗೆ ಹೋಗಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಘಟ್ಟದ ಕವಳಿ ಹಣ್ಣು. ಮರಾಠಿಯಲ್ಲಿ ಕರವಂದ, ಗೋವಾದ ಕೊಂಕಣಿಯಲ್ಲಿ ಕಾಂಟಾಂ. ಕರ್ಜತ್, ಲೋನಾವಳ, ಮುಳಶಿ ದಾರಿಯಲ್ಲಿ ಆದಿವಾಸಿ ಹೆಂಗಸರು ಎಲೆಯ ದೊನ್ನೆಯಲ್ಲಿಟ್ಟು ಮಾರುತ್ತಾರೆ. ಗುಲಾಬಿ–ಬಿಳಿ ಕಾಯಿ ಉಪ್ಪಿನಕಾಯಿಗೆ ಸರಿ, ಬಣ್ಣದ ಪ್ರಯೋಜನ ಅದರಲ್ಲಿ ಇಲ್ಲ. ಪೂರ್ತಿ ಕಪ್ಪಾದದ್ದನ್ನೇ ಆರಿಸಿ. ತೊಟ್ಟಿನಿಂದ ಬರುವ ಬಿಳಿ ಹಾಲು ತುಟಿಗೆ ಅಂಟಿ ಉರಿ ತರುತ್ತದೆ. ಹತ್ತು ನಿಮಿಷ ನೀರಿನಲ್ಲಿಟ್ಟು ತೊಟ್ಟಿನ ಜಾಗವನ್ನು ಬೆರಳಿನಿಂದ ಉಜ್ಜಿ ತೊಳೆದರೆ ಆ ತೊಂದರೆ ಹೋಗುತ್ತದೆ. ಬೀಜ, ಸಿಪ್ಪೆ ಸಮೇತ ತಿನ್ನಬಹುದು.

ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು, ಇಲ್ಲಿನವರ ಕೋಕಂ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗೋವಾ, ಸಿಂಧುದುರ್ಗ, ರತ್ನಾಗಿರಿ ಕಡೆ ಹಸಿಯಾಗಿ ಸಿಗುತ್ತದೆ. ಮೇ ಕೊನೆಯಿಂದ ಜುಲೈವರೆಗೆ ನೇರಳೆ. ಮುಂಬೈಗೆ ಬದಲಾಪುರ, ಪಾಲ್ಘರ್‌ನ ಬಹಾಡೋಲಿ ಕಡೆಯದು ಹೆಸರುವಾಸಿ. ನೇರಳೆ ಆರಿಸುವಾಗ ತೊಟ್ಟಿನ ಹತ್ತಿರ ಕೆಂಪು ಛಾಯೆ ಉಳಿದಿದ್ದರೆ ಬಿಡಿ. ಅದರಲ್ಲಿ ಒಗರೇ ಹೆಚ್ಚು, ಬಣ್ಣ ಕಡಿಮೆ. ಕಪ್ಪಾಗಿ, ಮೈ ಬಿಗಿಯಾಗಿ, ಒತ್ತಿದರೆ ಸ್ವಲ್ಪವೇ ತಗ್ಗುವುದು ಒಳ್ಳೆಯ ಹಣ್ಣು. ಒಂದು ಮಳೆ ಬಿದ್ದ ಮೇಲೆ ಬಂದ ಹಣ್ಣು ಬೇಗ ಒಡೆಯುತ್ತದೆ, ಹುಳವೂ ಹೆಚ್ಚು. ನಾಲ್ಕು ಹಣ್ಣು ಬಿಡಿಸಿ ನೋಡಿಯೇ ತೂಗಿಸಿ.

ತೊಳೆಯುವುದು, ಎತ್ತಿಡುವುದು

ಬಣ್ಣ ನೀರಿನಲ್ಲಿ ಕರಗುತ್ತದೆ ಎಂಬ ಒಂದು ಸಂಗತಿ ನೆನಪಿಟ್ಟರೆ ಸಾಕು. ತೊಟ್ಟು ಕಿತ್ತು, ಹೆಚ್ಚಿ, ಆಮೇಲೆ ತೊಳೆದರೆ ಬಣ್ಣವೂ ಸಿ ಜೀವಸತ್ವವೂ ಸಿಂಕಿಗೆ ಹರಿದು ಹೋಗುತ್ತವೆ. ಮೊದಲು ಇಡಿಯಾಗಿ ತೊಳೆಯಿರಿ, ಬಟ್ಟೆಯ ಮೇಲೆ ಹರಡಿ ಒರೆಸಿ, ಆಮೇಲೆ ತೊಟ್ಟು ತೆಗೆಯಿರಿ. ಉಪ್ಪು ನೀರಿನಲ್ಲಿ ಅರ್ಧ ಗಂಟೆ ನೆನೆಹಾಕುವುದು ಬೇಡ. ಹರಿಯುವ ನೀರಿನಲ್ಲಿ ಅರ್ಧ ನಿಮಿಷ ತಿರುವಿದರೆ ಸಾಕು.

ಸ್ಟ್ರಾಬೆರಿ ಎರಡು ದಿನಕ್ಕಿಂತ ಹೆಚ್ಚು ಇಡಬೇಕೆಂದಿದ್ದರೆ ಒಂದು ಪಾಲು ಬಿಳಿ ವಿನೆಗರ್, ಮೂರು ಪಾಲು ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದು, ನೀರಲ್ಲಿ ಜಾಲಿಸಿ, ಪೂರ್ತಿ ಆರಿಸಿ, ಕಾಗದ ಹಾಸಿದ ಅಗಲ ಡಬ್ಬಿಯಲ್ಲಿ ಒಂದೇ ಪದರವಾಗಿ ಫ್ರಿಜ್‌ನಲ್ಲಿಡಿ. ವಿನೆಗರ್ ಬೂಸ್ಟಿನ ಬೀಜಕಣಗಳನ್ನು ತಗ್ಗಿಸುತ್ತದೆ. ಆರಿಸುವ ಹಂತ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಹಸಿ ಉಳಿದ ಹಣ್ಣಿಗೆ ಬೂಸ್ಟು ಮೊದಲಿಗಿಂತ ಬೇಗ ಹಿಡಿಯುತ್ತದೆ. ಉಳಿದ ಹಣ್ಣುಗಳನ್ನು ತೊಳೆಯದೆ ಇಟ್ಟು, ತಿನ್ನುವ ಮುಂಚೆ ತೊಳೆಯುವುದು ಮೇಲು.

ವರ್ಷಕ್ಕೆ ಎತ್ತಿಡಲು ಫ್ರೀಜರ್‌ಗಿಂತ ಒಳ್ಳೆಯ ದಾರಿ ಇಲ್ಲ. ಮೈನಸ್ 18 ಡಿಗ್ರಿಯಲ್ಲಿ ಬಣ್ಣ ತಿಂಗಳುಗಟ್ಟಲೆ ಬಹುಪಾಲು ಹಾಗೇ ಇರುತ್ತದೆ. ನೀರಿನ ಪಸೆ ಆರಿಸಿದ ಹಣ್ಣನ್ನು ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ನಾಲ್ಕು ಗಂಟೆ ಗಟ್ಟಿಯಾಗಲು ಬಿಟ್ಟು, ಆಮೇಲೆ ಜಿಪ್ ಚೀಲಕ್ಕೆ ತುಂಬಿ ಗಾಳಿಯನ್ನೆಲ್ಲ ಒತ್ತಿ ತೆಗೆಯಿರಿ. ಮೊದಲೇ ಚೀಲಕ್ಕೆ ಸುರಿದರೆ ಎಲ್ಲ ಸೇರಿ ಒಂದೇ ಕಲ್ಲಾಗುತ್ತದೆ. ಆಗ ಒಂದು ಬಟ್ಟಲಿಗಾಗಿ ಇಡೀ ಚೀಲ ಕರಗಿಸಬೇಕು. ಕರಗಿಸಿ ಮತ್ತೆ ಗಟ್ಟಿ ಮಾಡಿದ ಹಣ್ಣಿನಲ್ಲಿ ಬಣ್ಣ ಬೇಗ ಕಂದಾಗುತ್ತದೆ. ಕರಗುವಾಗ ಬಿಟ್ಟ ರಸವನ್ನು ಚೆಲ್ಲಬೇಡಿ, ಬಣ್ಣ ಇರುವುದೇ ಅದರಲ್ಲಿ.

ನೇರಳೆ ತಿರುಳು

ನೇರಳೆಯ ಸೀಸನ್ ಚಿಕ್ಕದು, ಹಣ್ಣು ಎರಡು ದಿನ ತಾಳುವುದಿಲ್ಲ. ತಿರುಳು ತೆಗೆದಿಟ್ಟರೆ ದೀಪಾವಳಿಯವರೆಗೂ ಬರುತ್ತದೆ. ಒಂದು ಕಿಲೋ ಹಣ್ಣಿಗೆ ಸುಮಾರು 600 ಗ್ರಾಂ ತಿರುಳು ಸಿಗುತ್ತದೆ. ಬೀಜ ದಪ್ಪ ಇರುವ ಊರ ನೇರಳೆಯಾದರೆ ಇನ್ನೂ ಕಡಿಮೆ.

ತೊಳೆದ ಹಣ್ಣನ್ನು ಇಡ್ಲಿ ಪಾತ್ರೆಯಲ್ಲಿ, ನೀರು ಕುದಿ ಬಂದ ಮೇಲೆ ಇಟ್ಟು, ಮೂರು ನಿಮಿಷ ಹಬೆ ಕೊಡಿ. ಬೇಯಿಸಲು ಅಲ್ಲ ಇದು. ಹಣ್ಣನ್ನು ಹಿಸುಕಿದೊಡನೆ ಅದರೊಳಗಿನ ಒಂದು ಕಿಣ್ವ ಗಾಳಿಯ ಜೊತೆ ಸೇರಿ ಬಣ್ಣವನ್ನು ಕಂದು ಮಾಡುತ್ತದೆ; ಸೇಬು ಹೆಚ್ಚಿಟ್ಟರೆ ಕಂದಾಗುವುದು ಅದೇ ಕಿಣ್ವದಿಂದ. ಹಬೆ ಅದನ್ನು ಸುಮ್ಮನಾಗಿಸುತ್ತದೆ. ಐದು ನಿಮಿಷ ಮೀರಿದರೆ ಬಿಸಿಗೇ ಬಣ್ಣ ಹಾಳಾಗತೊಡಗುತ್ತದೆ, ಆದ್ದರಿಂದ ಗಡಿಯಾರ ನೋಡಿಯೇ ಇಳಿಸಿ. ನೀರಿನಲ್ಲಿ ಕುದಿಸುವುದು ಬೇಡವೇ ಬೇಡ. ಕುದಿದ ನೀರು ನೇರಳೆಯಾಗಿ, ಹಣ್ಣು ಮಂಕಾಗಿ ಉಳಿಯುತ್ತದೆ.

ತಟ್ಟೆಗೆ ಹರಡಿ ಬೇಗ ಆರಿಸಿ. ದೊಡ್ಡ ಕಣ್ಣಿನ ಸ್ಟೀಲ್ ಜರಡಿಯ ಮೇಲೆ ಹಾಕಿ ಅಂಗೈಯಿಂದ ಉಜ್ಜಿ. ತಿರುಳು ಕೆಳಗೆ, ಬೀಜ ಮೇಲೆ. ಜರಡಿಯಲ್ಲಿ ಉಳಿಯುವ ಸಿಪ್ಪೆಯ ಚೂರುಗಳನ್ನು ಎಸೆಯದೆ, ಬೀಜದಿಂದ ಬೇರ್ಪಡಿಸಿ, ಎರಡು ಚಮಚ ನೀರು ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ತಿರುಳಿಗೇ ಸೇರಿಸಿ. ಬಣ್ಣ ಅತಿ ಹೆಚ್ಚು ಇರುವುದು ಆ ಚೂರುಗಳಲ್ಲಿ. ಬೀಜ ಸಮೇತ ಮಿಕ್ಸಿಗೆ ಹಾಕಿದರೆ ತಿರುಳು ಕಹಿಯಾಗುತ್ತದೆ. ಬಹಳ ಹೊತ್ತು ತಿರುಗಿಸಿದರೆ ಗಾಳಿ ಸೇರಿ ನೊರೆಯೇಳುತ್ತದೆ. ಆ ನೊರೆಯೇ ಮರುದಿನದ ಕಂದು.

ಒಂದು ಕಿಲೋ ಹಣ್ಣಿನ ತಿರುಳಿಗೆ ಅರ್ಧ ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿ. ಹುಳಿ ಹೆಚ್ಚಿದಷ್ಟೂ ಬಣ್ಣ ಗಟ್ಟಿ. ನೇರಳೆಯ ಸ್ವಂತ ಹುಳಿ ಸಾಧಾರಣದ್ದು. ಅದಕ್ಕೇ ಅದರ ಬಣ್ಣ ಇಟ್ಟಲ್ಲಿ ಮಂಕಾಗುವುದು. ನಿಂಬೆ ಉಪ್ಪು ಬೆರೆಸಿದ ಕೂಡಲೇ ತಿರುಳು ಬೂದು–ನೇರಳೆಯಿಂದ ಉಜ್ವಲ ಕೆಂಪು–ನೇರಳೆಗೆ ತಿರುಗುವುದನ್ನು ಚಮಚದ ಸುತ್ತಲೇ ನೋಡಬಹುದು. ಸಕ್ಕರೆ ಬೇಡ. ಐಸ್ ಟ್ರೇಗೆ ಸುರಿದು ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ, ಆರು ತಿಂಗಳೊಳಗೆ ಬಳಸಿ. ಒಂದು ಲೋಟಕ್ಕೆ ಮೂರು ತುಂಡು, ನೀರು, ಚಿಟಿಕೆ ಕಲ್ಲುಪ್ಪು, ಜೀರಿಗೆ ಪುಡಿ. ಮೊಸರಿಗೆ ಹಾಕಿದರೂ ಚೆಂದ.

ಪುನರ್ಪುಳಿ: ಬಿಸಿಲು ಬೇಡ, ಸಕ್ಕರೆ ಅಳೆದು

ಅಮೃತ ಕೋಕಂ ಎಂಬ ಸಾಂಪ್ರದಾಯಿಕ ಶರಬತ್ತಿನ ಪಾಕಕ್ಕೆ ಹಸಿ ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ ಗಾಜಿನ ಜಾಡಿಯಲ್ಲಿ ದಿನಗಟ್ಟಲೆ ಬಿಸಿಲಿಗಿಡುತ್ತಾರೆ. ರುಚಿಗೆ ಅದು ಸರಿ. ಬಣ್ಣಕ್ಕೆ ಬಿಸಿಲಿನ ಬೆಳಕು, ಬಿಸಿ ಎರಡೂ ಶತ್ರುಗಳು. ಅದೇ ಜಾಡಿಯನ್ನು ಕಪಾಟಿನ ಕತ್ತಲಲ್ಲಿಟ್ಟರೂ ಸಕ್ಕರೆ ರಸ ಎಳೆಯುತ್ತದೆ, ಎರಡು ಮೂರು ದಿನ ತಡ ಅಷ್ಟೇ.

ಒಂದು ಕಿಲೋ ಹಸಿ ಹಣ್ಣು ತೊಳೆದು ಒರೆಸಿ, ಅರ್ಧ ಮಾಡಿ, ಬೀಜ–ತಿರುಳು ತೆಗೆದು ಬೇರೆ ಇಡಿ. ಸಿಪ್ಪೆ ತೂಗಿ, ಅದರ ಎರಡರಷ್ಟು ಸಕ್ಕರೆ ತೆಗೆದುಕೊಳ್ಳಿ. ಒಣಗಿದ ಜಾಡಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹೀಗೆ ತುಂಬಿ, ಮೇಲೆ ಸಕ್ಕರೆಯೇ ಬರುವಂತೆ ಮುಗಿಸಿ. ದಿನಕ್ಕೊಮ್ಮೆ ಒಣ ಚಮಚದಿಂದ ತಿರುವಿ. ಏಳೆಂಟು ದಿನಕ್ಕೆ ಸಕ್ಕರೆ ಪೂರ್ತಿ ಕರಗಿ ಕಡುಗೆಂಪು ಪಾಕ ನಿಂತಿರುತ್ತದೆ. ಸೋಸಿ, ಬಾಟಲಿಗೆ ತುಂಬಿ, ಫ್ರಿಜ್‌ನಲ್ಲಿಡಿ. ಆರೋಗ್ಯಕ್ಕೆಂದು ಸಕ್ಕರೆ ಅರ್ಧಕ್ಕಿಳಿಸಿದರೆ ಪಾಕದಲ್ಲಿ ಗುಳ್ಳೆ ಎದ್ದು ಹುದುಗು ಹಿಡಿಯುತ್ತದೆ. ಇಲ್ಲಿ ಸಕ್ಕರೆ ಇರುವುದು ಕೆಡದಿರಲು. ಕಡಿಮೆ ಮಾಡಬೇಕಾದದ್ದು ಲೋಟದಲ್ಲಿ. ಎರಡು ದೊಡ್ಡ ಚಮಚ ಪಾಕ ಹಾಕಿದರೆ 20 ಗ್ರಾಂನಷ್ಟು ಸಕ್ಕರೆ ಹೊಟ್ಟೆಗೆ ಹೋಯಿತೆಂದೇ ಲೆಕ್ಕ.

ಸಕ್ಕರೆ ಕಾಯಿಲೆ ಇರುವವರು ಒಣ ಸಿಪ್ಪೆಯನ್ನೇ ಬಳಸುವುದು ಸರಿ. ಎಂಟು ಹತ್ತು ಸಿಪ್ಪೆ, ಎರಡು ಲೋಟ ಉಗುರುಬೆಚ್ಚಗಿನ ನೀರು, ಅರ್ಧ ಗಂಟೆ. ಹಿಂಡಿ ಸೋಸಿದರೆ ಸಕ್ಕರೆ ಇಲ್ಲದ ಕೆಂಪು ನೀರು ಸಿದ್ಧ. ಒಣ ಸಿಪ್ಪೆಗೂ, ‘ಆಗಳ’ ಎಂದು ಮಾರುವ ರಸಕ್ಕೂ ಉಪ್ಪು ಹಾಕಿರುತ್ತಾರೆ. ರಕ್ತದೊತ್ತಡ ಇರುವವರು ಮೇಲೆ ಉಪ್ಪು ಸೇರಿಸಬಾರದು.

ಇದೇ ಕೆಂಪು ನೀರಿಗೆ ತೆಂಗಿನ ಹಾಲು ಸೇರಿಸಿದರೆ ಸೋಲ್‌ಕಡಿ. ಒಂದು ಲೋಟ ಗಟ್ಟಿ ಹಾಲು, ಒಂದು ಲೋಟ ತೆಳು ಹಾಲು, ಒಂದು ಲೋಟ ಪುನರ್ಪುಳಿ ನೀರು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸು. ಗುಲಾಬಿ ಬದಲು ಬೂದು–ನೀಲಿ ಬಂದರೆ ಹುಳಿ ಸಾಲದು ಎಂದರ್ಥ. ಇನ್ನೂ ನಾಲ್ಕು ಸಿಪ್ಪೆ ಹಿಂಡಿ. ಕೆಂಪು ಬಣ್ಣದ ಪುಡಿ ಹಾಕುವ ಅಗತ್ಯವೇ ಇಲ್ಲ. ಬಿಸಿ ಮಾಡಿದರೆ ಹಾಲು ಒಡೆಯುತ್ತದೆ.

ಬಣ್ಣ ಕೆಡುವ ಕಾರಣಗಳು

ಹಣ್ಣಿನ ರಸ ನೀಲಿಗೋ ಹಸಿರಿಗೋ ತಿರುಗಿದರೆ ಕ್ಷಾರ ತಾಗಿದೆ. ನೇರಳೆ ತಿಂದ ಕೈಯನ್ನು ಸೋಪಿನಿಂದ ತೊಳೆಯುವಾಗ ನೊರೆ ನೀಲಿಯಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಕೇಕಿನ ಹಿಟ್ಟಿನಲ್ಲಿ ಅಡುಗೆ ಸೋಡಾ ಹೆಚ್ಚಾದಾಗ ಬ್ಲೂಬೆರಿಯ ಸುತ್ತ ಹಸಿರು ಉಂಗುರ ಮೂಡುವುದೂ ಅದರಿಂದಲೇ. ಸೋಡಾ ಕಡಿಮೆ ಮಾಡಿ ಅಥವಾ ಹಿಟ್ಟಿಗೆ ಮಜ್ಜಿಗೆ ಹಾಕಿ. ಹಾಲಿಗೆ ಹುಳಿ ಇಲ್ಲದ್ದರಿಂದ ಸ್ಟ್ರಾಬೆರಿ ಮಿಲ್ಕ್‌ಶೇಕ್ ಮಂಕು ಗುಲಾಬಿಯಾಗುತ್ತದೆ. ಮೊಸರು, ಶ್ರೀಖಂಡದಲ್ಲಿ ಅದೇ ಹಣ್ಣು ಹೊಳೆಯುತ್ತದೆ.

ರಸ ಕಪ್ಪಿಟ್ಟರೆ ಪಾತ್ರೆಯ ಕಡೆ ನೋಡಿ. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆಗಳ ಲೋಹ ಹುಳಿ ರಸದಲ್ಲಿ ಕರಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಸ್ಟೀಲ್, ಗಾಜು, ಪಿಂಗಾಣಿ ಬಿಟ್ಟು ಬೇರೇನೂ ಬೇಡ. ಜ್ಯಾಮ್ ಮೂರು ನಾಲ್ಕು ತಿಂಗಳಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಅದು ಮುಂಬೈಯ ಸೆಕೆಯ ಕೆಲಸ. ತಿನ್ನಲು ತೊಂದರೆ ಇಲ್ಲ, ಬಣ್ಣದ ಪ್ರಯೋಜನ ಮಾತ್ರ ಹೋಗಿದೆ. ಸ್ಟ್ರಾಬೆರಿ ಜ್ಯಾಮನ್ನು ಸಣ್ಣ ಬಾಟಲಿಗಳಲ್ಲಿ ತುಂಬಿ ಮೊದಲ ದಿನದಿಂದಲೇ ಫ್ರಿಜ್‌ನಲ್ಲಿಡಿ. ಬಣ್ಣ ಗಟ್ಟಿಯಾಗಲೆಂದು ಸಿ ಜೀವಸತ್ವದ ಮಾತ್ರೆ ಪುಡಿ ಮಾಡಿ ಹಾಕುವವರಿದ್ದಾರೆ. ಅದು ಉಲ್ಟಾ ಕೆಲಸ ಮಾಡುತ್ತದೆ. ಇಟ್ಟಷ್ಟು ದಿನ ಆಂಥೋಸಯಾನಿನ್ ಅನ್ನು ಬೇಗ ಒಡೆಯುತ್ತದೆ.

ಸ್ಮೂದಿಗೆ ಬಾಳೆಹಣ್ಣು ಹಾಕುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ಮೇಲೆ ಹೇಳಿದ ಕಂದು ಮಾಡುವ ಕಿಣ್ವ ಬಾಳೆಹಣ್ಣಿನಲ್ಲಿ ಬಹಳ ಇದೆ. 2023ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಬಾಳೆಹಣ್ಣಿನ ಸ್ಮೂದಿ ಕುಡಿದವರ ರಕ್ತದಲ್ಲಿ ಫ್ಲೇವನಾಲ್ ಎಂಬ ಸಂಯುಕ್ತ, ಅದನ್ನೇ ಕ್ಯಾಪ್ಸೂಲ್ ಆಗಿ ತೆಗೆದುಕೊಂಡಾಗಿನದಕ್ಕಿಂತ 84% ಕಡಿಮೆ ಸೇರಿತು; ಬೆರ್ರಿಗಳಷ್ಟೇ ಇದ್ದ ಸ್ಮೂದಿಯಲ್ಲಿ ಹಾಗಾಗಲಿಲ್ಲ. ಫ್ಲೇವನಾಲ್ ಬಣ್ಣವಲ್ಲ, ಆದರೆ ಅದೇ ಹಣ್ಣುಗಳಲ್ಲಿರುವ ಬಣ್ಣದ ಹತ್ತಿರದ ನೆಂಟ. ಬಾಳೆಹಣ್ಣು ಬೇರೆ ಹೊತ್ತಿಗೆ ತಿನ್ನಿ, ಸ್ಮೂದಿಗೆ ಮೊಸರು ಹಾಕಿ.

ಬಾಟಲಿಯ ಕೆಂಪು ನಿಜದ್ದೇ?

ಕೊಂಡ ಕೋಕಂ ಶರಬತ್ತಿನ ಎರಡು ಚಮಚವನ್ನು ಅರ್ಧ ಲೋಟ ನೀರಿಗೆ ಹಾಕಿ. ಕಾಲು ಚಮಚ ಅಡುಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ, ನೊರೆ ಏಳುವುದು ನಿಲ್ಲುವವರೆಗೆ ಬೆರೆಸಿ. ಹಣ್ಣಿನದೇ ಬಣ್ಣವಾದರೆ ಕೆಂಪು ಹೋಗಿ ನೀಲಿ, ಹಸಿರು ಇಲ್ಲವೇ ಕಂದು–ಹಸಿರಾಗುತ್ತದೆ. ಕೂಡಲೇ ನಿಂಬೆ ಹಿಂಡಿದರೆ ಕೆಂಪು ಬಹುಪಾಲು ಮರಳುತ್ತದೆ. ಸೋಡಾ ಹಾಕಿದರೂ ಹೊಳೆಯುವ ಕೆಂಪು ಹಾಗೇ ಉಳಿದರೆ ಹೊರಗಿನ ಬಣ್ಣ ಇದೆ. ಬೀಟ್‌ರೂಟ್ ಬೆರೆಸಿದ್ದರೂ ಕೆಂಪು ಉಳಿಯುತ್ತದೆ, ಆದ್ದರಿಂದ ಲೇಬಲ್ ಕೂಡ ಓದಿ: 122 ಮತ್ತು 124 ಎಂಬ ಸಂಖ್ಯೆಗಳು ಕೃತಕ ಕೆಂಪು, 162 ಬೀಟ್‌ರೂಟ್, 163 ಆಂಥೋಸಯಾನಿನ್. ಪರೀಕ್ಷೆ ಮಾಡಿದ್ದನ್ನು ಕುಡಿಯಬೇಡಿ, ಚೆಲ್ಲಿಬಿಡಿ.

ಯಾರು ಎಚ್ಚರ ವಹಿಸಬೇಕು

ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವವರು ಈ ಹಣ್ಣುಗಳನ್ನು ಮಾತ್ರೆಯ ಜೊತೆಗಾಗಲಿ ಊಟದ ಜೊತೆಗಾಗಲಿ ತಿನ್ನದೆ, ಎರಡು ಗಂಟೆ ಬಿಟ್ಟು ತಿನ್ನುವುದು ಒಳ್ಳೆಯದು. ನೇರಳೆಯಂಥ ಒಗರು ಹಣ್ಣಿನ ಪಾಲಿಫಿನಾಲ್ ಎಂಬ ಸಂಯುಕ್ತಗಳು ಸೊಪ್ಪು, ಧಾನ್ಯಗಳ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಇರುವವರು ವೈದ್ಯರು ಹೇಳಿದ ಅಳತೆ ಮೀರಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕ್ರ್ಯಾನ್‌ಬೆರಿ ರಸ ಶುರು ಮಾಡಬಾರದು.

ಸಕ್ಕರೆ ಕಾಯಿಲೆಯವರಿಗೆ ನೇರಳೆ ಹಣ್ಣು ಒಳ್ಳೆಯ ಆಯ್ಕೆ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುವುದಿಲ್ಲ. ಅಷ್ಟಕ್ಕೇ ಮಾತ್ರೆ ನಿಲ್ಲಿಸುವುದು ಅಪಾಯ. ಮಾತ್ರೆಯ ಜೊತೆ ನೇರಳೆ ಬೀಜದ ಪುಡಿ ತೆಗೆದುಕೊಂಡರೆ ಸಕ್ಕರೆ ತೀರಾ ಇಳಿಯುವ ಸಾಧ್ಯತೆ ಇದೆ. ವೈದ್ಯರಿಗೆ ಹೇಳಿಯೇ ಮಾಡಿ. ಬಣ್ಣದ ಸಾರವನ್ನು ಕ್ಯಾಪ್ಸೂಲ್ ಮಾಡಿ ಮಾರುವುದನ್ನು ಕೊಳ್ಳುವ ಬದಲು ಆ ದುಡ್ಡಿಗೆ ಹಣ್ಣು ತನ್ನಿ. ಹಣ್ಣಿನಲ್ಲಿ ನಾರೂ ಇದೆ, ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೂ ಬೇಕು.

ಸಣ್ಣ ಮಕ್ಕಳಿಗೆ ಇಡೀ ನೇರಳೆ, ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ; ನೇರಳೆಯ ಬೀಜ ತೆಗೆದು, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಮಾಡಿ ಕೊಡಿ. ಸ್ಟ್ರಾಬೆರಿ ಮೊದಲ ಸಲ ಕೊಡುವಾಗ ಒಂದೇ ತುಂಡು ಕೊಟ್ಟು, ತುಟಿ ಸುತ್ತ ಕೆಂಪು ದದ್ದು ಏಳುತ್ತದೆಯೇ ನೋಡಿ. ನೇರಳೆ ತಿಂದ ಮರುದಿನ ಮಲ ಕಪ್ಪಾಗುವುದು ಸಹಜ. ಹಣ್ಣು ಬಿಟ್ಟು ಎರಡು ಮೂರು ದಿನವಾದರೂ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ ಹೋಗುತ್ತಿದ್ದರೆ ಅದು ಹಣ್ಣಿನದಲ್ಲ, ಒಳಗೆ ರಕ್ತಸ್ರಾವ ಇರಬಹುದು. ಅದೇ ದಿನ ವೈದ್ಯರನ್ನು ಕಾಣಿ.